ಜಗಳ ಗೋಡೆಯದಾಗಿತ್ತು

ಝಾನಿಸನನ್ನು ಮಣ್ಣು ಮಾಡಿ, ಊರೂರಿಂದ ಬಂದಿದ್ದ ನೆಂಟರೆಲ್ಲ ಹಡಗು ಹತ್ತಿ ಹೋದ ಮೇಲೆ ಅದು ಮೊದಲ ಸಾಧಾರಣ ಬೆಳಗು. ಇಸಿಡೋರಾ ಏಳುವ ಹೊತ್ತಿಗೆ ಅತ್ತೆ ಮಾರ್ಕೆಲ್ಲಾ ಅಂಗಳ ಗುಡಿಸಿ, ಹಾಲು ಕಾಯಿಸಿ, ಸತ್ತ ಮಗನ ಅಂಗಿಗಳನ್ನು ಒಗೆದು ತಂತಿಗೆ ಹಾಕಿದ್ದರು. ಮಾವ ಲಿಯೋನಿಸ್ ಮೇಜಿನ ಮುಂದೆ ಕೂತು ಒಣ ರೊಟ್ಟಿಯನ್ನು ಕಾಫಿಯಲ್ಲಿ ಅದ್ದುತ್ತಿದ್ದರು. ನಾಲ್ಕು ವರ್ಷದ ಪುಟ್ಟಿ ಮೊಟ್ಟೆಯ ತಟ್ಟೆಯನ್ನು ದೂಡಿತು.

"ಅಂಗಿ ಯಾಕೆ ಒಗೆದ್ರಿ ಅತ್ತೆ?"

"ಕೊಳೆಯಾಗಿತ್ತು, ಒಗೆದೆ. ಕೊಳೆ ಬಟ್ಟೆ ಯಾರಿಗಾದ್ರೂ ಕೊಡೋಕಾಗುತ್ತಾ?"

ಇಸಿಡೋರಾ ಅಂಗಳದ ಕಡೆ ನೋಡಿದಳು. ತಂತಿಯ ಮೇಲೆ ಗಂಡ ಝಾನಿಸನ ಐದಾರು ಅಂಗಿಗಳು ತೋಳು ಕೆಳಗೆ ಬಿಟ್ಟು ನೇತಾಡುತ್ತಿದ್ದವು. ಅವಳು ಮೊಟ್ಟೆಯ ಸಿಪ್ಪೆ ಸುಲಿದು, ಉಪ್ಪು ಹಚ್ಚಿ ಮಗಳ ಬಾಯಿಗಿಟ್ಟಳು.

ಅತ್ತೆ ಉಗ್ರಾಣಕ್ಕೆ ಹೋಗಿ ಒಂದು ದೊಡ್ಡ ಜರಡಿ ತಂದು ಗೋಡೆಗೆ ಒರಗಿಸಿದರು. ಮಾಸ್ತಿಹಾ ಮರದಿಂದ ಉದುರಿದ ಅಂಟಿನ ಹನಿಗಳನ್ನು ಮಣ್ಣು ತರಗೆಲೆಗಳಿಂದ ಬೇರೆ ಮಾಡುವ ಜರಡಿ ಅದು. ಮರದ ಚೌಕಟ್ಟು ಕೈಬೆವರು ಕುಡಿದು ಕಪ್ಪಾಗಿತ್ತು. ಅಂಚಿನ ಸುತ್ತ ಮಾತ್ರ ಹೊಸ ನೀಲಿ ಹುರಿ ಬಿಗಿದಿತ್ತು.

"ಇದು ನನ್ನ ತಮ್ಮ ನಿಕಿತಾಸಂದು. ಹೋದ ಬೇಸಿಗೇಲಿ ಝಾನಿಸ್ ಇಸ್ಕೊಂಡು ಬಂದಿದ್ದ. ಸತ್ತೋರು ಎರವಲು ತಂದಿದ್ದು ಮನೇಲಿ ಉಳೀಬಾರದು. ನಲವತ್ತನೇ ದಿನ ಕೊಟ್ಟುಬಿಡು."

"ಕೊಟ್ಟರಾಯ್ತು."

"ಕೊಟ್ಟರಾಯ್ತು ಅಂತ ಬಾಗಿಲಲ್ಲಿಟ್ಟು ಬರೋದಲ್ಲ. ಚರ್ಚಿನಿಂದ ಎಲ್ಲರೂ ಬಂದಿರ್ತಾರೆ ನೋಡು, ಅವರ ಮುಂದೆ, ಬೇಯಿಸಿದ ಗೋಧಿ ತಟ್ಟೆ ಜೊತೆ ಕೈಗೆ ಕೊಡಬೇಕು. 'ಇವನು ನಿಮ್ಮಿಂದ ತಂದಿದ್ದ, ಇವನ ಭಾರ ಇಳೀಲಿ' ಅನ್ನಬೇಕು. ಅದಕ್ಕೆ ನಿಕಿತಾಸ್ 'ಮುಟ್ಟಿತು, ಅವನಿಗೆ ಮಣ್ಣು ಹಗುರಾಗಲಿ' ಅನ್ಬೇಕು. ಆಮೇಲೇನೇ ಅದು ಮುಟ್ಟಿದ ಹಾಗೆ."

"ನಲವತ್ತಕ್ಕೆ ಇನ್ನೂ ದಿನ ಇದೆ. ಅವಳಿಗೆ ಕಾಫಿ ಕುಡಿಯೋಕೆ ಬಿಡು," ಎಂದರು ಮಾವ.

"ನೀವು ಸುಮ್ನಿರಿ. ನಲವತ್ತು ವರ್ಷ ಸಮುದ್ರದ ಮೇಲಿದ್ದೋರಿಗೆ ಮನೆ ವಿಷಯ ಏನು ಗೊತ್ತು?"

ಇಸಿಡೋರಾ ಜರಡಿಯನ್ನು ಎತ್ತಿ ಮತ್ತೆ ಉಗ್ರಾಣದಲ್ಲಿಟ್ಟಳು. ಹುರಿಯ ಗಂಟು ನೋಡಿದಳು. ಝಾನಿಸ್ ಗಂಟು ಹಾಕುವಾಗ ಕೊನೆಯನ್ನು ಎರಡು ಸಲ ಒಳಗೆ ತೂರಿಸುತ್ತಿದ್ದ. ಇಲ್ಲೂ ಹಾಗೇ ತೂರಿಸಿದ್ದ.

ಒಂಬತ್ತನೆಯ ದಿನದ ಪ್ರಾರ್ಥನೆ ಮುಗಿಸಿ ಮನೆಯವರು ಊಟಕ್ಕೆ ಕೂತರು. ಮೀನಿನ ಸಾರು, ಆಲಿವ್, ಬ್ರೆಡ್ಡು. ನಿಕಿತಾಸ್ ಅಕ್ಕನ ಎಡಗಡೆ ಕೂತಿದ್ದರು. ಎಂಥವರನ್ನೂ ದಿಟ್ಟಿಸಿ ನೋಡುವ, ಮಾತಿಗೆ ಮೊದಲು ಮೀಸೆ ಒರೆಸಿಕೊಳ್ಳುವ ಮನುಷ್ಯ. ಮೀಸೆ ಒರೆಸಿಕೊಂಡರು.

"ಇಸಿಡೋರಾ, ಲಾಕ್ಕೋಸಿನ ಮರಗಳನ್ನ ಈ ಸಲ ನಾನೇ ನೋಡ್ಕೋತೀನಿ. ನೀನು ತಲೆ ಕೆಡಿಸ್ಕೋಬೇಡ."

ಇಸಿಡೋರಾ ಅವರ ಕಡೆ ತಿರುಗಿದಳು. ಸಾವಿನ ದಿನದಿಂದ ಈಚೆಗೆ ಯಾರಾದರೂ ಕೆಲಸದ ಮಾತಾಡಿದ್ದು ಅದೇ ಮೊದಲು. "ದೊಡ್ಡ ಉಪಕಾರ ಆಯ್ತು ಮಾವ. ಹನಿ ಆರಿಸೋ ಹೊತ್ತಿಗೆ ನನಗೂ ಶಾಲೆ ಮುಗಿದಿರುತ್ತೆ. ನಾನೂ ಬರ್ತೀನಿ."

"ನೀನ್ಯಾಕೆ ಬರ್ತೀಯ? ಝಾನಿಸ್ ಸಹಿ ಹಾಕಿ ಬಿಟ್ಟುಕೊಟ್ಟಿದ್ದಾನಲ್ಲ. ಲಾಕ್ಕೋಸಿನಲ್ಲಿ ನಿಮ್ಮದು ಅನ್ನೋದು ಏನೂ ಉಳಿದಿಲ್ಲ."

ಚಮಚಗಳು ನಿಂತವು. ಝಾನಿಸನ ಅಕ್ಕ ಆರ್ಗೀರೊ ಎದುರಿನಿಂದ, "ಏನಂದ್ರಿ ಸೋದರಮಾವ?" ಎಂದಳು. ಅವಳು ಬಂದರಿನಲ್ಲಿ ಹಡಗಿನ ಟಿಕೆಟು ಕೊಡುವವಳು, ಗದ್ದಲದ ಮೇಲೆ ಮಾತಾಡಿ ರೂಢಿ.

"ಕಾಗದದಲ್ಲಿರೋದನ್ನ ಅಂದೆ."

"ಸಾರು ಆರಿಹೋಗುತ್ತೆ," ಎಂದರು ಅತ್ತೆ. ಯಾರ ಮುಖವನ್ನೂ ನೋಡಲಿಲ್ಲ.

ವಿಷಯ ಇಷ್ಟು. ಲಾಕ್ಕೋಸ್ ಊರ ಕೆಳಗಿನ ತಗ್ಗು. ಅಲ್ಲಿನ ನೆಲವನ್ನು ಅತ್ತೆಯ ಅಪ್ಪ ಮಗ ನಿಕಿತಾಸನಿಗೆ ಕೊಟ್ಟಿದ್ದರು. ನೆಲದ ಮೇಲಿನ ಮಾಸ್ತಿಹಾ ಮರಗಳನ್ನು ಮಗಳ ಮದುವೆಗೆ ಕೊಟ್ಟಿದ್ದರು. ಹೊರಗಿನವರಿಗೆ ಇದು ವಿಚಿತ್ರ. ಆ ಊರಲ್ಲಿ ನೆಲ ಒಬ್ಬರದು, ಮರ ಇನ್ನೊಬ್ಬರದು ಆಗಿರುವುದು ಮಾಮೂಲು. ನೆಲದವನು ನಡುವೆ ಬಾರ್ಲಿ ಬಿತ್ತುತ್ತಾನೆ, ಮರದವನು ಬೇಸಿಗೆಯಲ್ಲಿ ಬಂದು ಬುಡ ಗುಡಿಸಿ, ಹನಿ ಕೊಳೆಯಾಗದಂತೆ ಬಿಳಿಮಣ್ಣು ಹಾಸಿ, ತೊಗಟೆಗೆ ಗೀರು ಹಾಕಿ, ಒಸರಿ ಉದುರಿದ ಹನಿ ಆರಿಸಿ ಮಾರಿಕೊಳ್ಳುತ್ತಾನೆ. ಅತ್ತೆ ಆ ಮರಗಳನ್ನು ಝಾನಿಸನಿಗೆ ಬರೆದುಕೊಟ್ಟಿದ್ದರು. ಲಾಕ್ಕೋಸಿನ ಮೇಲ್ಗಡೆ ಝಾನಿಸನ ಮನೆಯವರಿಗಿದ್ದ ತೋಟದ ಕಲ್ಲುಗೋಡೆ ಒಂದು ಚಳಿಗಾಲದ ಮಳೆಗೆ ಕುಸಿದು, ಕೆಳಗೆ ನಿಕಿತಾಸರ ಬಾವಿಯ ದಾರಿಗೆ ಬಿದ್ದಾಗ ಜಗಳ ಶುರುವಾಯಿತು. ನಿನ್ನ ಗೋಡೆ ಎಂದು ನಿಕಿತಾಸ್, ನಿಮ್ಮ ಟ್ರಾಕ್ಟರು ಬುಡ ಕೆದಕಿದ್ದು ಎಂದು ಝಾನಿಸ್. ಕೋರ್ಟು ಹತ್ತಿದರು. ಸಾಕಾಗಿ ರಾಜಿ ಮಾಡಿಕೊಂಡರು. ಇಬ್ಬರೂ ಅರ್ಧರ್ಧ ಗೋಡೆ ಕಟ್ಟುವುದು. ಕೊನೆಯಲ್ಲಿ ಒಂದು ಸಾಲು: ಲಾಕ್ಕೋಸ್ ಎಂಬಲ್ಲಿನ ಜಮೀನಿಗೆ ಸಂಬಂಧಿಸಿ ಉಭಯ ಪಕ್ಷಗಳಿಗೆ ಪರಸ್ಪರರ ಮೇಲೆ ಹಿಂದಿನ, ಇಂದಿನ, ಮುಂದಿನ ಯಾವುದೇ ಹಕ್ಕು ಅಥವಾ ಕೇಳಿಕೆ ಉಳಿದಿರುವುದಿಲ್ಲ.

ಸಹಿ ಹಾಕಿ ಬಂದ ದಿನ ಝಾನಿಸ್ ಆ ಸಾಲನ್ನು ಇಸಿಡೋರಾಗೆ ಓದಿ ಹೇಳಿದ್ದ. "ಗೋಡೆ ಪುರಾಣ ಮುಗೀತು" ಎಂದಿದ್ದ. ಸಾಹಿತ್ಯ ಓದಿ ಮಕ್ಕಳಿಗೆ ಪಾಠ ಹೇಳುವ ಅವಳಿಗೂ ಆ ಸಾಲು ತಪ್ಪಾಗಿ ಕಾಣಲಿಲ್ಲ. ನೆಲ ಎಂದರೆ ನೆಲ. ಮರದ ಮಾತು ಅದರಲ್ಲಿ ಎಲ್ಲಿತ್ತು?

ಆರ್ಗೀರೊ ತಮ್ಮನ ಹೆಂಡತಿಯನ್ನು ಕೈ ಹಿಡಿದು ಪಟ್ಟಣದ ವಕೀಲೆಯ ಹತ್ತಿರ ಕರೆದೊಯ್ದಳು. ವಕೀಲೆ ಎವಾಂಥಿಯಾ ಕಾಗದ ಓದಿ ನಿಟ್ಟುಸಿರುಬಿಟ್ಟರು.

"ಈ ಕೊನೇ ಸಾಲು ಇದೆಯಲ್ಲ, ಇದು ಸಾರಿಗೆ ಉಪ್ಪು ಹಾಕಿದ ಹಾಗೆ. ಯಾವ ರಾಜಿ ಪತ್ರ ಬರೆದರೂ ಕೈ ತಾನಾಗಿ ಹಾಕಿಬಿಡುತ್ತೆ. ಯಾರೂ ರುಚಿ ನೋಡೋಲ್ಲ."

"ಹಾಗಾದ್ರೆ ಮರ ಹೋದವಾ?"

"ಹಾಗಲ್ಲ. ಕೋರ್ಟು ಬರೀ ಅಕ್ಷರ ಹಿಡ್ಕೊಂಡು ಜೋತಾಡಬಾರದು ಅಂತ ಕಾನೂನೇ ಹೇಳುತ್ತೆ. ಇಬ್ಬರ ಮನಸ್ಸಲ್ಲಿ ನಿಜವಾಗಿ ಏನಿತ್ತು, ಆ ಊರ ನಡವಳಿಕೆ ಏನು, ಅದನ್ನ ನೋಡಬೇಕು. 'ಎಲ್ಲ ಹಕ್ಕೂ ಬಿಟ್ಟೆ' ಅಂತ ಬರೆದಿದ್ದರೂ ಆ 'ಎಲ್ಲ' ಯಾವ ಜಗಳದಿಂದ ಹುಟ್ಟಿತೋ ಆ ಜಗಳದಷ್ಟೇ ದೊಡ್ಡದು. ಅದಕ್ಕೇ ಕೇಳ್ತೀನಿ. ಜಗಳ ಯಾವುದರದು?"

"ಗೋಡೆದು."

"ಮರದ ಮಾತು ಯಾವಾಗಲಾದ್ರೂ ಬಂದಿತ್ತಾ?"

"ಒಂದು ಸಲವೂ ಇಲ್ಲ."

"ಅದನ್ನ ಹೇಳೋರು ಬೇಕು. ನೀವು ಹೇಳಿದರೆ ಸಾಲದು. ಸಹಿಯಾದ ಮೇಲೆ ಇಬ್ಬರೂ ಹೇಗೆ ನಡ್ಕೊಂಡರು, ಅದೂ ಬೇಕು. ಹೋದ ಬೇಸಿಗೇಲಿ ಮರ ಗೀರಿದ್ದು ಯಾರು?"

"ಝಾನಿಸ್. ಅವರ ಕಣ್ಣೆದುರಿಗೇ. ಅವರದೇ ಜರಡಿ ತಂದು ಹನಿ ಜರಡಿ ಹಿಡಿದ."

ವಕೀಲೆ ಪೆನ್ನು ಕೆಳಗಿಟ್ಟರು. "ಜರಡಿ ಕೊಟ್ಟಿದ್ದು ಅವರಾ? ಆ ಮರದ ಹನಿಗೇ ಅಂತ ಗೊತ್ತಿದ್ದೂ? ಈಗ ಎಲ್ಲಿದೆ ಅದು?"

"ನಮ್ಮ ಉಗ್ರಾಣದಲ್ಲಿ."

"ಅಲ್ಲೇ ಇರಲಿ. ಏನೇ ಆದ್ರೂ ಮನೆಯಿಂದ ಆಚೆ ಬಿಡಬೇಡಿ."

ನಲವತ್ತನೆಯ ದಿನ ಬೆಳಿಗ್ಗೆ ಅತ್ತೆ ಗೋಧಿ ಬೇಯಿಸಿ, ದಾಳಿಂಬೆ ಬೀಜ, ಬಾದಾಮಿ ಬೆರೆಸಿ, ಮೇಲೆ ಸಕ್ಕರೆ ಪುಡಿ ತಟ್ಟಿ, ಝಾನಿಸನ ಹೆಸರಿನ ಮೊದಲಕ್ಷರವನ್ನು ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳಿಂದ ಬರೆದರು. ಜರಡಿಯನ್ನು ಒರೆಸಿ ಬಾಗಿಲ ಹತ್ತಿರ ಇಟ್ಟಿದ್ದರು. ಇಸಿಡೋರಾ ಅದನ್ನು ಎತ್ತಿಕೊಂಡು ಒಳಗೆ ಹೋದಳು.

"ಎಲ್ಲಿಗೆ ಒಯ್ತಿದೀಯ?"

"ವಕೀಲರು ಬೇಡ ಅಂದಿದಾರೆ ಅತ್ತೆ. ಅದು ಸಾಕ್ಷಿ."

"ಸಾಕ್ಷಿ! ಜರಡಿ ಬಾಯಿಬಿಟ್ಟು ಮಾತಾಡುತ್ತಾ?"

"ನೀವು ಮಾತಾಡಿದ್ದಿದ್ರೆ ಅದು ಮಾತಾಡಬೇಕಾಗಿರಲಿಲ್ಲ."

"ನನ್ನ ಮಗ ಅಲ್ಲಿ ಭಾರ ಹೊತ್ಕೊಂಡು ನಿಂತಿದಾನೆ. ನೀನು ಇಲ್ಲಿ ಸಾಕ್ಷಿ ಕೂಡಿಡ್ತಿದೀಯ. ಓದಿದೋಳು!"

"ಅತ್ತೆ, ಕೊಟ್ಟುಬಿಟ್ಟ ಮೇಲೆ ಅವರು 'ಯಾವ ಜರಡಿ?' ಅಂದರೆ ಏನ್ ಮಾಡ್ತೀರಿ?"

"ನನ್ನ ತಮ್ಮ ಹಾಗೆ ಅನ್ನೋನಲ್ಲ."

"ಮರ ನಂದು ಅನ್ನೋನೂ ಆಗಿರಲಿಲ್ಲ."

ಮಾವ ಕೋಟಿನ ಗುಂಡಿ ಹಾಕುತ್ತ, "ಪಾದ್ರಿ ಕಾಯ್ತಿದಾರೆ," ಎಂದರು. "ಬ್ಯೂನಸ್ ಐರಿಸ್‌ನಲ್ಲಿ ನೋಡಿದೀನಿ, ನಮಗಿಂತ ದೊಡ್ಡ ಹುಚ್ಚರು ಇದ್ದರು. ಆದರೆ ಅವರೂ ಚರ್ಚಿಗೆ ಹೊತ್ತಿಗೆ ಸರಿಯಾಗಿ ಹೋಗ್ತಿದ್ದರು."

ಅಂದು ಅಂಗಳ ತುಂಬ ಜನ. ನಿಕಿತಾಸ್ ಬಂದರು, ಅಕ್ಕನ ಕೈಯಿಂದ ಗೋಧಿಯ ಪೊಟ್ಟಣ ತೆಗೆದುಕೊಂಡರು, ಸ್ವಲ್ಪ ಹೊತ್ತು ಅಲ್ಲೇ ನಿಂತರು, ಹೋದರು.

ಜೂನಿನಲ್ಲಿ ಶಾಲೆ ಮುಗಿಯಿತು, ಅದರ ಜೊತೆ ಇಸಿಡೋರಾಳ ಕೆಲಸವೂ. ಅವಳದು ಬದಲಿ ಶಿಕ್ಷಕಿಯ ಕೆಲಸ. ಪ್ರತಿ ವರ್ಷ ಜೂನಿಗೆ ಬಿಡುಗಡೆ, ಆಗಸ್ಟಿಗೆ ಅರ್ಜಿ. ಬೇಕಾದ ಊರುಗಳನ್ನು ಗುರುತು ಹಾಕಬೇಕು, ಆಮೇಲೆ ಎಲ್ಲಿ ಹಾಕಿದರೆ ಅಲ್ಲಿಗೆ. ದ್ವೀಪಕ್ಕೆ ಬಂದದ್ದೂ ಹಾಗೇ, ಝಾನಿಸ್ ಸಿಕ್ಕಿದ್ದೂ ಹಾಗೇ. ಮದುವೆಯಾದ ಮೇಲೆ ಇದೊಂದೇ ದ್ವೀಪಕ್ಕೆ ಗುರುತು ಹಾಕುತ್ತಿದ್ದಳು. ಕೆಲಸ ಸಿಗದ ವರ್ಷ ಲಾಕ್ಕೋಸಿನ ಮರ ಸಾಕುತ್ತಿತ್ತು. ಮೇಲಿನ ತೋಟದ್ದು ಅತ್ತೆ ಮಾವರ ಹೊಟ್ಟೆಗೆ ಸರಿಹೋಗುತ್ತಿತ್ತು, ಅಷ್ಟೆ.

ಒಂದು ಬೆಳಿಗ್ಗೆ ಅವಳು ಪೊರಕೆ, ಗುದ್ದಲಿ ಹೊತ್ತು ಲಾಕ್ಕೋಸಿಗೆ ಇಳಿದಳು. ಮರಗಳ ಬುಡ ಆಗಲೇ ಗುಡಿಸಿ ಆಗಿತ್ತು. ಬುಡದ ಸುತ್ತ ಬಿಳಿಮಣ್ಣು ಹಿಟ್ಟು ಚೆಲ್ಲಿದ ಹಾಗೆ ದುಂಡಗೆ ಹಾಸಿತ್ತು. ನಿಕಿತಾಸ್ ಕೊನೆಯ ಮರದ ಕೆಳಗೆ ಮೊಣಕಾಲೂರಿ ಅಂಗೈಯಿಂದ ಮಣ್ಣು ಸವರುತ್ತಿದ್ದರು.

"ಯಾರ ಮರದ ಬುಡಕ್ಕೆ ಮಣ್ಣು ಹಾಕ್ತಿದೀರಿ ಮಾವ?"

"ಬಿಸಿಲಾಯ್ತು, ಮನೆಗೆ ಹೋಗಮ್ಮ. ತುಳೀಬೇಡ, ಈಗಷ್ಟೇ ಹಾಸಿದೀನಿ."

ಅವಳು ತುಳಿಯಲಿಲ್ಲ. ಅದೇ ಅವಳಿಗೆ ದಾರಿಯುದ್ದಕ್ಕೂ ಉರಿಯಿತು. ಹಾಸಿದ ಮಣ್ಣನ್ನು ತುಳಿಯಬಾರದೆಂದು ಝಾನಿಸ್ ಕಲಿಸಿದ್ದ, ಕಾಲು ತಾನಾಗಿ ಸುತ್ತುಹಾಕಿ ಬಂದಿತ್ತು.

ವಕೀಲೆ ಮಧ್ಯಂತರ ಆದೇಶಕ್ಕೆ ಅರ್ಜಿ ಹಾಕಿದರು. ಮೂಲ ದಾವೆ ವರ್ಷಗಟ್ಟಲೆ ಎಳೆಯುತ್ತದೆ; ಈ ಬೇಸಿಗೆ ಮರ ಗೀರುವುದು ಯಾರು ಎಂಬುದಾದರೂ ತೀರ್ಮಾನವಾಗಲಿ ಎಂದು. ಸಾಕ್ಷಿಗೆ ಅತ್ತೆಯ ಹೆಸರು ಬರೆದರು. ಆ ರಾತ್ರಿಯ ಊಟಕ್ಕೆ ಬದನೆಕಾಯಿ ಹುರಿದಿತ್ತು. ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

"ನಾನು ಬರೋಲ್ಲ," ಎಂದರು ಅತ್ತೆ. "ನನ್ನ ತಮ್ಮನ ವಿರುದ್ಧ ಕಟಕಟೆ ಹತ್ತೋಲ್ಲ."

ಆರ್ಗೀರೊ ಭಾನುವಾರವೆಂದು ಬಂದಿದ್ದಳು. "ಅಮ್ಮಾ, ಮರ ನಿನ್ನ ಮದುವೆಗೆ ತಾತ ಕೊಟ್ಟಿದ್ದು. ನಿನಗಲ್ಲದೆ ಇನ್ಯಾರಿಗೆ ಗೊತ್ತು?"

"ಊರಿಗೆಲ್ಲ ಗೊತ್ತು. ಊರನ್ನ ಕೇಳಿ."

"ಊರೋರು ಯಾರೂ ಬಾಯಿ ಬಿಡೋಲ್ಲ. ಎಲ್ಲರಿಗೂ ಇಂಥದೇ ಒಂದೊಂದು ಮರ ಇದೆ, ಎಲ್ಲರಿಗೂ ನೆಲದೋನ ಭಯ."

"ಹಾಗಾದ್ರೆ ನನಗೊಬ್ಬಳಿಗೇ ಧೈರ್ಯ ಇರಬೇಕಾ?"

ಇಸಿಡೋರಾ ಮಗಳ ತಟ್ಟೆಯ ಬದನೆಕಾಯಿ ಸಣ್ಣಗೆ ಕತ್ತರಿಸುತ್ತ, ತಲೆಯೆತ್ತದೆ ಹೇಳಿದಳು: "ಬರೋದು ಬೇಡ ಅತ್ತೆ. ಆಗಸ್ಟಿನಲ್ಲಿ ಅರ್ಜಿ ತುಂಬುವಾಗ ಎಲ್ಲ ಊರಿಗೂ ಗುರುತು ಹಾಕ್ತೀನಿ."

"ಎಲ್ಲ ಊರಿಗೂ ಅಂದ್ರೆ?"

"ಎಲ್ಲಿ ಹಾಕಿದ್ರೆ ಅಲ್ಲಿ. ಮರ ಇಲ್ಲದೆ, ಕೆಲಸ ಸಿಕ್ಕರೆ ಸಿಕ್ಕಿತು ಅಂತ ನಿಮ್ಮ ಅನ್ನ ತಿಂದುಕೊಂಡು ಕೂರೋಕಾಗಲ್ಲ."

"ಪುಟ್ಟಿ?"

"ಪುಟ್ಟಿಯನ್ನ ಇಲ್ಲಿ ಬಿಟ್ಟು ಹೋಗ್ತೀನಾ?"

ಅತ್ತೆ ಎದ್ದು ಹೋಗಿ ನೀರಿನ ನಲ್ಲಿ ಬಿಟ್ಟರು. ಪಾತ್ರೆ ಇರಲಿಲ್ಲ, ನೀರು ಸುಮ್ಮನೆ ಹರಿಯಿತು. ಮಾವ ಎದ್ದು ನಲ್ಲಿ ನಿಲ್ಲಿಸಿದರು.

"ಯಾವ ಬಟ್ಟೆ ಹಾಕ್ಕೋಬೇಕು ಕೋರ್ಟಿಗೆ?" ಎಂದು ಅತ್ತೆ ಗೋಡೆಯನ್ನು ಕೇಳಿದರು.

ಮೊದಲ ಸಲ ಹೋದಾಗ ಗುಮಾಸ್ತರ ಮುಷ್ಕರ. ಜರಡಿಗೆ ದಿಂಬಿನ ಚೀಲ ತೊಡಿಸಿ ಬಸ್ಸಿನಲ್ಲಿ ಒಯ್ದಿದ್ದರು, ಹಾಗೇ ವಾಪಸು ತಂದರು. ಬಸ್ಸಿನ ಚಾಲಕ, "ಏನಮ್ಮಾ, ಕೋರ್ಟಿನಲ್ಲಿ ಹಿಟ್ಟು ಜರಡಿ ಹಿಡಿಯೋಕಿತ್ತಾ?" ಎಂದ. "ನ್ಯಾಯ ಜರಡಿ ಹಿಡಿಯೋಕೆ," ಎಂದರು ಮಾವ. "ತೂತು ದೊಡ್ಡದು, ಎಲ್ಲ ಕೆಳಗೆ ಬೀಳುತ್ತೆ." ಅಷ್ಟರಲ್ಲಿ ನಿಕಿತಾಸ್ ಲಾಕ್ಕೋಸಿನ ಮರಗಳಿಗೆ ಮೊದಲ ಗೀರು ಹಾಕಿಯಾಗಿತ್ತು.

ಎರಡನೆಯ ಸಲ ವಿಚಾರಣೆ ನಡೆಯಿತು. ನ್ಯಾಯಾಧೀಶೆ ಇಸಿಡೋರಾಳಷ್ಟೇ ವಯಸ್ಸಿನವಳು, ಅಥೆನ್ಸಿನ ಮಾತು. ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ನ್ಯಾಯಾಧೀಶೆ ನಿಕಿತಾಸರನ್ನು ಮೊದಲು ಕೇಳಿದಳು.

"ರಾಜಿ ಮಾಡಿಕೊಳ್ಳುವಾಗ ನಿಮ್ಮಿಬ್ಬರ ನಡುವೆ ಜಗಳ ಯಾವುದರದಿತ್ತು?"

"ಎಲ್ಲದರದು ತಾಯೀ. ಗೋಡೆ, ದಾರಿ, ನೆಲ, ಮರ. ಅದಕ್ಕೇ ಯಾವುದೂ ಬೇಡ ಅಂತ ಒಂದೇ ಸಾಲಲ್ಲಿ ಮುಗಿಸಿದ್ವಿ."

"ಹಾಗಿದ್ದರೆ ಆಮೇಲಿನ ಬೇಸಿಗೆಯಲ್ಲಿ ಅವನು ಮರ ಗೀರಿದಾಗ ಸುಮ್ಮನಿದ್ದದ್ದೇಕೆ?"

"ಅಕ್ಕನ ಮಗ. ಒಂದು ವರ್ಷ ಹೋಗಲಿ ಅಂತ ಬಿಟ್ಟೆ."

ಎವಾಂಥಿಯಾ ದಿಂಬಿನ ಚೀಲ ಕಳಚಿದರು. "ಈ ಜರಡಿ ನಿಮ್ಮದಲ್ಲವೇ? ಆ ಹನಿಗೆಂದೇ ನೀವು ಕೊಟ್ಟಿದ್ದಲ್ಲವೇ?"

ನಿಕಿತಾಸ್ ನೋಡಿದರು. ಮೀಸೆ ಒರೆಸಿಕೊಂಡರು. "ನನ್ನ ಜರಡಿಗೆ ತಂತಿ ಕಟ್ಟಿತ್ತು. ಇದಕ್ಕೆ ನೀಲಿ ಹುರಿ ಇದೆ. ಇದು ನನ್ನದಲ್ಲ."

ಇಸಿಡೋರಾ ಬೆಂಚಿನಿಂದ ಅರ್ಧ ಎದ್ದಳು. ಆರ್ಗೀರೊ ಅವಳ ಭುಜ ಹಿಡಿದು ಕೂರಿಸಿದಳು.

ಅತ್ತೆಯ ಸರದಿ ಬಂತು. ಕಪ್ಪು ಉಡುಪು, ಕಪ್ಪು ತಲೆವಸ್ತ್ರ. ನಿಂತೇ ಇರುತ್ತೇನೆಂದರು.

"ಈ ಜರಡಿ ಯಾರದು, ಗೊತ್ತೇ?" ಎಂದು ಎವಾಂಥಿಯಾ ಕೇಳಿದರು.

"ಗೊತ್ತಿಲ್ಲದೆ ಏನು? ನಮ್ಮಪ್ಪಂದು. ಚೌಕಟ್ಟು ಅವನೇ ಕೊರೆದದ್ದು."

"ತಂದೆಯವರ ನಂತರ ಯಾರ ಹತ್ತಿರ ಇತ್ತು?"

"ಗೋಡೆ ಮೇಲಿತ್ತು."

"ಯಾರ ಗೋಡೆ?"

"ಅಪ್ಪನ ಮನೆ ಗೋಡೆ."

"ಆ ಮನೆಯಲ್ಲಿ ಈಗ ಯಾರಿದ್ದಾರೆ?"

ಅತ್ತೆ ತಮ್ಮನ ಕಡೆ ನೋಡಿದರು. ತಮ್ಮ ನೆಲ ನೋಡುತ್ತಿದ್ದರು.

"ನಾನು ಮದುವೆಯಾಗಿ ಬಂದು ಎಷ್ಟೋ ವರ್ಷ ಆಯ್ತು," ಎಂದರು ಅತ್ತೆ. "ಯಾರ್ಯಾರ ಮನೆ ಗೋಡೆ ಮೇಲೆ ಏನೇನಿದೆ ಅಂತ ನಾನ್ಯಾಕೆ ಹೇಳಲಿ?"

"ಅಮ್ಮಾ, ಜಗಳ ಯಾವುದರದಿತ್ತು? ಅದನ್ನಾದರೂ ಹೇಳಿ."

"ಇಬ್ಬರಿಗೂ ಕೋಪ ಜಾಸ್ತಿ. ಜಗಳಕ್ಕೇನು, ಯಾವುದರ ಮೇಲಾದ್ರೂ ಮಾಡ್ತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಇಸಿಡೋರಾ ಜರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಲಾಕ್ಕೋಸಿನ ತಿರುವಿನಲ್ಲಿ ಮರಗಳ ಕೆಳಗೆ ಬಿಳಿಯ ವೃತ್ತಗಳು ಕಂಡವು, ಅವುಗಳ ಮೇಲೆ ಹೊಳೆಯುವ ಹನಿಗಳು ಕಂಡ ಹಾಗಾಯಿತು. ಅಷ್ಟು ದೂರದಿಂದ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತೀರ್ಪು ಆಗಸ್ಟಿನಲ್ಲಿ ಬಂತು. ವಕೀಲೆ ಫೋನಿನಲ್ಲಿ ಓದಿದರು. ಹಕ್ಕು ಬಿಟ್ಟ ಸಾಲು ಸ್ಪಷ್ಟವಾಗಿದೆ. ಜಾಗದ ಹೆಸರು ಇದೆ. ಇಬ್ಬರ ಪರವಾಗಿಯೂ ವಕೀಲರಿದ್ದರು. ಮರಗಳನ್ನು ಹೊರಗಿಡುವುದು ಅವರ ಮನಸ್ಸಿನಲ್ಲಿದ್ದರೆ ಹಾಗೆಂದು ಬರೆಯಬಹುದಿತ್ತು. ಜಗಳ ಗೋಡೆಗಷ್ಟೇ ಸೀಮಿತವಾಗಿತ್ತೆಂದು, ಜರಡಿ ಎದುರು ಪಕ್ಷದವರೇ ಕೊಟ್ಟದ್ದೆಂದು ತೋರಿಸಿಕೊಟ್ಟಿಲ್ಲ.

"ನೀವು ಹೇಳಿದ್ರಲ್ಲ, ಅಕ್ಷರ ಹಿಡ್ಕೊಂಡು ಜೋತಾಡಬಾರದು ಅಂತ?"

"ಬೇರೆ ಏನಾದ್ರೂ ಹಿಡ್ಕೊಳ್ಳೋಕೆ ಕೊಟ್ಟಿದ್ರೆ ಅಕ್ಷರ ಬಿಡ್ತಿದ್ರು. ನಾವು ಕೊಡಲಿಲ್ಲ." ಎವಾಂಥಿಯಾರ ದನಿಯೂ ಬಳಲಿತ್ತು. "ಇದು ಮಧ್ಯಂತರದ್ದು ಅಷ್ಟೆ. ಮೂಲ ದಾವೆ ಹಾಕೋಣ. ನಾಲ್ಕೈದು ವರ್ಷ ಹಿಡಿಯಬಹುದು. ಜರಡಿ ಜೋಪಾನ."

ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಇಸಿಡೋರಾ ಎದುರು ಕೂತಳು. ಒಂದು ಹಿಡಿ ಎತ್ತಿಕೊಂಡಳು, ನಾರು ತೆಗೆಯಲಿಲ್ಲ.

"ಒಂದು ಮಾತು. 'ನನ್ನ ತಮ್ಮನ ಗೋಡೆ' ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು ಅತ್ತೆ."

"ಹೇಳಿದ್ರೆ ನನ್ನ ತಮ್ಮ ಸುಳ್ಳುಗಾರ ಆಗ್ತಿದ್ದ. ಅಷ್ಟು ಜನರ ಮುಂದೆ."

"ಸುಳ್ಳು ಹೇಳಿದ್ದು ಅವರೇ ಅಲ್ವಾ?"

"ಹೇಳೋ ಹಾಗೆ ಮಾಡಿದ್ದು ಯಾರು?" ಅತ್ತೆ ಚಾಕು ಕೆಳಗಿಟ್ಟರು. "ನಲವತ್ತನೇ ದಿನ ಅವನು ಈ ಅಂಗಳದಲ್ಲಿ ನಿಂತು ನನ್ನ ಕೈ ನೋಡ್ತಿದ್ದ. ನೀನು ನೋಡಲಿಲ್ಲ, ನಾನು ನೋಡಿದೆ. ಜರಡಿ ಕೊಡ್ತೀವಿ ಅಂತ ಕಾಯ್ತಿದ್ದ. ಕೊಟ್ಟಿದ್ರೆ ಇಸ್ಕೋತಿದ್ದ. ಅಷ್ಟು ಜನರ ಮುಂದೆ 'ಮುಟ್ಟಿತು' ಅಂತಿದ್ದ. ಸತ್ತೋನ ಹೆಸರಲ್ಲಿ ಕೊಟ್ಟಿದ್ದನ್ನ ಬೇಡ ಅನ್ನೋ ಎದೆ ಈ ಊರಲ್ಲಿ ಯಾರಿಗೂ ಇಲ್ಲ. ಆಮೇಲೆ ನನ್ನದಲ್ಲ ಅಂತ ಹೇಗೆ ಅಂತಿದ್ದ? ನೀನು ಬಚ್ಚಿಟ್ಟೆ. ಚೀಲ ತೊಡಿಸಿ ಕೋರ್ಟಿಗೆ ಹೊತ್ತೆ. ಕಳ್ಳಮಾಲಿನ ಹಾಗೆ ಮೇಜಿನ ಮೇಲಿಟ್ಟೆ. ಅವನು ಇನ್ನೇನು ಅಂತಾನೆ?"

"ಇದನ್ನ ಅವತ್ತೇ ಹೇಳಬಾರದಿತ್ತಾ?"

"ಕೊಡು ಅಂತ ಹೇಳಲಿಲ್ವಾ ನಾನು? ಬಾಯಿ ನೋವು ಬರೋ ಹಾಗೆ ಹೇಳಿದೆ."

"ಕೊಡು ಅಂದ್ರಿ. ಯಾಕೆ ಅಂತ ಹೇಳಲಿಲ್ಲ."

"ಯಾಕೆ ಅಂತ ಹೇಳಿದ್ನಲ್ಲ. ಮಗನ ಭಾರ ಇಳೀಲಿ ಅಂತ." ಅತ್ತೆ ಮತ್ತೆ ಚಾಕು ಎತ್ತಿಕೊಂಡರು. "ಇದೆಲ್ಲ ಈಗ ಕೂತು ಯೋಚನೆ ಮಾಡಿದಾಗ ಹೊಳೀತು. ಮುಂಚೆ ಹೊಳೆಯೋಕೆ ನಾನೇನು ವಕೀಲೆಯಾ?"

ಇಬ್ಬರೂ ಕಾಯಿ ಬಿಡಿಸಿದರು. ಟೊಮೆಟೊ ಹಾಕಿ ಬೇಯಿಸಿದರು. ಮಾವ ಬಂದು ಉಂಡು, "ಉಪ್ಪು ಜಾಸ್ತಿ," ಎಂದು ಹೇಳಿ, ಇಬ್ಬರ ಮುಖ ನೋಡಿ, "ಪರವಾಗಿಲ್ಲ, ಸಮುದ್ರದೋನಿಗೆ ಹಿಡಿಸುತ್ತೆ," ಎಂದರು.

ಮರುದಿನ ಇಸಿಡೋರಾ ಅರ್ಜಿ ತುಂಬಿದಳು. ಎಲ್ಲ ಊರಿಗೂ ಗುರುತು ಹಾಕಿದಳು. ಅತ್ತೆ ಪುಟ್ಟಿಯ ಚಳಿಗಾಲದ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹರವಿದರು. ಆಮೇಲೆ ಇಸಿಡೋರಾ ಉಗ್ರಾಣಕ್ಕೆ ಹೋಗಿ ಜರಡಿ ತೆಗೆದುಕೊಂಡಳು.

ಅಂಗಳದಲ್ಲಿ ಆರ್ಗೀರೊ ತಡೆದಳು. "ಎಲ್ಲಿಗೆ? ವಕೀಲರು ಜೋಪಾನ ಅಂದಿದಾರೆ, ಮರೆತೆಯಾ?"

"ಕೊಟ್ಟು ಬರ್ತೀನಿ ಅತ್ತಿಗೆ."

"ತಾಳು ಹಾಗಾದ್ರೆ. ನಾನೂ ಬರ್ತೀನಿ, ಫೋನಿನಲ್ಲಿ ವಿಡಿಯೋ ಹಿಡೀತೀನಿ. ಅವನು ಇಸ್ಕೊಂಡ್ರೆ ಸಿಕ್ಕಿಬಿದ್ದ ಹಾಗೇ."

"ಬೇಡ."

"ನಿನಗೇನು ತಲೆ ಕೆಟ್ಟಿದೆಯಾ? ನಾಲ್ಕೈದು ವರ್ಷದ ದಾವೆ ಇದೆ ಮುಂದೆ!"

"ದಾವೆ ಬೇರೆ. ಇದು ಝಾನಿಸ್ ಇಸ್ಕೊಂಡು ಬಂದಿದ್ದು."

ಅತ್ತೆ ಒಳಗಿನಿಂದ ಬಂದು ಒಂದು ಸಣ್ಣ ತಟ್ಟೆಯಲ್ಲಿ ಬೇಯಿಸಿದ ಗೋಧಿ ಕೊಟ್ಟರು. ಯಾವಾಗ ಬೇಯಿಸಿದರೋ. ಸಕ್ಕರೆ ಇರಲಿಲ್ಲ, ಬೆಳ್ಳಿ ಗುಂಡೂ ಇರಲಿಲ್ಲ.

ನಿಕಿತಾಸ್ ತಮ್ಮ ಅಂಗಳದ ನೆರಳಿನಲ್ಲಿ ಒಬ್ಬರೇ ಇದ್ದರು. ಮುಂದೆ ಲಾಕ್ಕೋಸಿನ ಮೊದಲ ಕೊಯ್ಲಿನ ಗುಡ್ಡೆ, ಮಣ್ಣು, ಎಲೆ, ನಡುನಡುವೆ ಹನಿ. ಹೊಸ ತಗಡಿನ ಜರಡಿಯಲ್ಲಿ ಅಲ್ಲಾಡಿಸುತ್ತಿದ್ದರು. ಅದು ಗರಗರ ಎಂದು ಊರಿಗೆ ಕೇಳುವ ಹಾಗೆ ಸದ್ದು ಮಾಡುತ್ತಿತ್ತು. ಸಣ್ಣ ಹನಿಗಳು ಮಣ್ಣಿನ ಜೊತೆಗೇ ಕೆಳಗೆ ಬೀಳುತ್ತಿದ್ದವು.

ಅವಳನ್ನು ನೋಡಿ ಕೈ ನಿಲ್ಲಿಸಿದರು. ಮೀಸೆ ಒರೆಸಿಕೊಳ್ಳಲಿಲ್ಲ.

"ಝಾನಿಸ್ ನಿಮ್ಮಿಂದ ತಂದಿದ್ದ," ಎಂದಳು ಇಸಿಡೋರಾ. "ಅವನ ಭಾರ ಇಳೀಲಿ."

"ಅದು ನನ್ನದಲ್ಲ ಅಂತ ಕೋರ್ಟಿನಲ್ಲಿ ಹೇಳಿದೀನಿ."

"ಕೇಳಿಸ್ಕೊಂಡೆ. ಎಲ್ಲಿಡಲಿ?"

ಅವರು ಓಣಿಯ ಕಡೆ ನೋಡಿದರು. ಯಾರೂ ಇರಲಿಲ್ಲ. "ನಿನ್ನ ವಕೀಲೆ ಕಳಿಸಿದಳಾ?"

"ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಬೈತಾರೆ."

ನಿಕಿತಾಸ್ ಗೋಧಿಯ ತಟ್ಟೆಯನ್ನು ತೆಗೆದುಕೊಂಡು ಪಕ್ಕದ ಕಲ್ಲಿನ ಮೇಲಿಟ್ಟರು. ಜರಡಿಗೆ ಕೈ ಚಾಚಲಿಲ್ಲ. ಹೆಬ್ಬೆರಳಿಂದ ನೀಲಿ ಹುರಿಯ ಗಂಟನ್ನು ಒಂದು ಸಲ ಒತ್ತಿ ನೋಡಿದರು.

"ತಂತಿ ಸಡಿಲಾಗಿತ್ತು. ನನಗೊಂದು ಮಾತು ಹೇಳಿದ್ರೆ ಹೊಸ ತಂತಿ ಕೊಡ್ತಿದ್ದೆ." ಗಂಟಲು ಸರಿಮಾಡಿಕೊಂಡರು. "ಒಳಗೆ ಬಾಗಿಲ ಹಿಂದೆ ಮೊಳೆ ಇದೆ. ಅಲ್ಲಿ ಹಾಕು."

ಬಾಗಿಲ ಹಿಂದಿನ ಗೋಡೆ ಹೊಗೆಗೆ ಕಂದಿತ್ತು. ಮೊಳೆಯ ಕೆಳಗೆ ಮಾತ್ರ ದುಂಡಗೆ, ಜರಡಿಯಷ್ಟಗಲ, ಸುಣ್ಣ ಬೆಳ್ಳಗೇ ಉಳಿದಿತ್ತು. ಅವಳು ಜರಡಿಯನ್ನು ಅಲ್ಲಿಗೆ ತೂಗುಹಾಕಿದಳು.

ಹೊರಗೆ ಬಂದು ನಿಂತಳು. ಅವರು ಹೇಳಬೇಕಾದ ಮಾತು ಒಂದು ಬಾಕಿ ಇತ್ತು.

"ಮುಟ್ಟಿತು," ಎಂದರು ನಿಕಿತಾಸ್. ಮಣ್ಣು ಹಗುರಾಗಲಿ ಎಂಬ ಉಳಿದರ್ಧಕ್ಕೆ ಅವಳು ಕಾದಳು. ಅವರು ಗುಡ್ಡೆಯ ಕಡೆ ತಿರುಗಿ ಕೂತರು.

ಓಣಿಯ ತಿರುವು ಮುಟ್ಟುವ ತನಕ ಬೆನ್ನ ಹಿಂದೆ ತಗಡು ಗರಗರ ಎನ್ನುತ್ತಿತ್ತು. ಆಮೇಲೆ ನಿಂತಿತು. ಅವಳೂ ನಿಂತಳು. ಬಾಗಿಲು ಕಿರುಗುಟ್ಟಿದ ಸದ್ದು, ಮೊಳೆಯಿಂದ ಏನೋ ಕಳಚಿದ ಸದ್ದು. ಸ್ವಲ್ಪ ಹೊತ್ತಿಗೆ ಹಳೆಯ ಜರಡಿ ಶುರುವಾಯಿತು, ಹೋದ ಬೇಸಿಗೆಯಲ್ಲಿ ತನ್ನ ಅಂಗಳದಲ್ಲಿ ದಿನವೂ ಕೇಳುತ್ತಿದ್ದ ಅದೇ ಮೆತ್ತನೆಯ ಸದ್ದು, ಅವೇ ಮರಗಳ ಹನಿ.